ಹಚ್ಚಿದ ಮೇಲೆ ಪರಿಮಳ ಬಾರದ ಸೋಯಾ ಮೇಣದಬತ್ತಿ

ನೀವು ಮನೆಯಲ್ಲಿ ಮಾಡಿದ ಸೋಯಾ ಮೇಣದಬತ್ತಿ ಹಚ್ಚಿದಾಗ ಪರಿಮಳ ಬಾರದಿರುವುದಕ್ಕೆ ಬತ್ತಿ ತೀರಾ ತೆಳ್ಳಗಿರುವುದೇ ಕಾರಣವಿರಬೇಕು. ಹಚ್ಚುವ ಮೊದಲು ಘಮಘಮಿಸುತ್ತದೆ, ಹಚ್ಚಿದರೆ ಪರಿಮಳವಿಲ್ಲ, ನಡುವೆ ಗುಂಡಿ ಬಿದ್ದು ಅಂಚಿನ ಮೇಣ ಹಾಗೆಯೇ ನಿಲ್ಲುತ್ತದೆ ಎಂದಿದ್ದೀರಲ್ಲ, ಆ ಗುಂಡಿಯೇ ಸುಳಿವು. ಕೋಣೆ ತುಂಬುವ ಪರಿಮಳ ಬರುವುದು ಕರಗಿದ ಮೇಣದಿಂದ. ಕರಗಿದ ಮೇಣದ ಕೊಳ ಗಾಜಿನ ಲೋಟದ ಅಂಚು ಮುಟ್ಟದಿದ್ದರೆ ಎಷ್ಟು ಸುಗಂಧ ಎಣ್ಣೆ ಹಾಕಿದರೂ ವ್ಯರ್ಥ.

ಗಾಜಿನ ಒಳ ಅಗಲ ಅಳೆದು, ಅದಕ್ಕೆ ಹೊಂದುವ, ಈಗಿನದಕ್ಕಿಂತ ಒಂದು ಅಳತೆ ದಪ್ಪದ ಬತ್ತಿ ತನ್ನಿ. ಹಳೆಯ ಮೇಣವನ್ನು ಬಿಸಾಡಬೇಡಿ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ನೇರ ಉರಿಯ ಮೇಲೆ ಬೇಡವೇ ಬೇಡ. ಅದರಲ್ಲಿ ಈಗಾಗಲೇ ಸುಗಂಧವಿರುವುದರಿಂದ ಮತ್ತೆ ಎಣ್ಣೆ ಸೇರಿಸದೆ ಹೊಸ ಬತ್ತಿಯಿಟ್ಟು ಸುರಿಯಿರಿ.

ಇನ್ನೊಂದು ಅನುಮಾನ: ಸುರಿದ ಮರುದಿನವೇ ಹಚ್ಚಿದ್ದೀರಿ. ಸೋಯಾ ಮೇಣಕ್ಕೆ ಒಂದೆರಡು ವಾರ ವಿಶ್ರಾಂತಿ ಬೇಕು. ಮುಚ್ಚಳ ಹಾಕಿ ತಂಪಾದ ಕಡೆ ಇಡಿ. ಬಳಿಕ ಬತ್ತಿಯನ್ನು 5 ಮಿಲಿಮೀಟರ್‌ಗೆ ಕತ್ತರಿಸಿ, ಮೊದಲ ಸಲ ಕೊಳ ಅಂಚು ಮುಟ್ಟುವವರೆಗೆ ಆರಿಸದೆ ಉರಿಸಿ, ಪಕ್ಕದಲ್ಲೇ ಇರಿ.

ಎಣ್ಣೆ ಯಾವುದೆಂದು ನೀವು ಬರೆದಿಲ್ಲ. ಅಡುಗೆಯ ಎಸೆನ್ಸ್ ಅಥವಾ ಪನ್ನೀರಾದರೆ ಅದು ಮೇಣದಲ್ಲಿ ಬೆರೆಯುವುದೇ ಇಲ್ಲ. ಆಗ ಹೊಸದಾಗಿ ಮಾಡಬೇಕು. ಮೇಣದಬತ್ತಿಗೆಂದೇ ಮಾರುವ ಸುಗಂಧ ಎಣ್ಣೆಯನ್ನು 100 ಗ್ರಾಂ ಮೇಣಕ್ಕೆ 6ರಿಂದ 8 ಗ್ರಾಂ, ಚಮಚದಲ್ಲಲ್ಲ, ತಕ್ಕಡಿಯಲ್ಲಿ ತೂಗಿ ಹಾಕಿ. ಮೇಣ ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿರುವಾಗ ಬೆರೆಸಿ ಎರಡು ನಿಮಿಷ ನಿಧಾನವಾಗಿ ತಿರುವಿ.

ದಪ್ಪ ಬತ್ತಿ ಸಿಗದಿದ್ದರೆ ಅದೇ ಮೇಣವನ್ನು ಸಿಲಿಕೋನ್ ಅಚ್ಚಿಗೆ ಸುರಿದು ಟಾರ್ಟ್, ಅಂದರೆ ಬತ್ತಿಯಿಲ್ಲದ ಪರಿಮಳದ ಮೇಣದ ಬಿಲ್ಲೆ, ಮಾಡಿಕೊಳ್ಳಿ. ಪರಿಮಳದ ಮೇಣ ಕರಗಿಸಲೆಂದೇ ಇರುವ ಚಿಕ್ಕ ಬರ್ನರ್‌ನಲ್ಲಿ (ಅಡುಗೆ ಒಲೆಯಲ್ಲ) ಇಟ್ಟರೆ ಸಾಕು, ಬತ್ತಿಯೇ ಬೇಕಿಲ್ಲ.