ಅಜ್ಜಿಯ ಪೇಟೆಂಟ್, ಗೋಡೆಯ ಸರ್ಟಿಫಿಕೇಟ್

ಹೋದ ಸಲ ಹಳೇ ಕಾಗದಪತ್ರ ಹುಡುಕುವ ಬಗ್ಗೆ ಒಂದು ಪ್ರಶ್ನೆಗೆ ಉತ್ತರ ಕೊಟ್ಟಿದ್ದೇ ತಡ, ಈ ಸಲ ಬಂದಿದ್ದೆಲ್ಲಾ ಅದೇ ಜಾತಿಯ ಪ್ರಶ್ನೆಗಳು. ಪೇಟೆಂಟ್, ಲೈಸೆನ್ಸ್, ರಿಜಿಸ್ಟರ್. ಇರಲಿ, ನನಗೂ ಇಷ್ಟದ ವಿಷಯವೇ. ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಅಜ್ಜಿ ಹೊಲಿಗೆ ಯಂತ್ರಕ್ಕೆ ಸಿಕ್ಕಿಸುವ ಒಂದು ಸಣ್ಣ ಸಾಧನ ಮಾಡಿ ಪೇಟೆಂಟ್ ತೆಗೆದುಕೊಂಡಿದ್ದರು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಕಾಗದ ಮಾತ್ರ ಯಾರ ಹತ್ತಿರವೂ ಇಲ್ಲ. ಹೆಸರು ಹಾಕಿ ಹುಡುಕಿದರೆ ಏನೂ ಬರಲಿಲ್ಲ. ಇದು ಬರೀ ಕಥೆಯಾ?

ಉತ್ತರ: ಅಷ್ಟು ಬೇಗ ಅಜ್ಜಿಯ ಮೇಲೆ ಅನುಮಾನ ಬೇಡ. ಮೊದಲು ಹೇಳಿ, ಯಾವ ಹೆಸರು ಹಾಕಿದಿರಿ? ಮನೆಯವರು ಕರೆಯುತ್ತಿದ್ದ ಹೆಸರಾ, ಮದುವೆಗೆ ಮುಂಚಿನದಾ, ಆಮೇಲಿನದಾ? ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಟೈಲ್ ಸೇರಿ, ನೀರೊಳಗೆ ಸಾಗಿ ಹಡಗು ಸಿಡಿಸುವ ಟಾರ್ಪಿಡೊಗೆ ಕಳಿಸುವ ರೇಡಿಯೊ ಸಂಕೇತವನ್ನು ಶತ್ರುಗಳು ಕೆಡಿಸದಂತೆ ಆವರ್ತನ ಬದಲಿಸುತ್ತಲೇ ಹೋಗುವ ಒಂದು ವಿಧಾನ ಕಂಡುಹಿಡಿದರು. 1942ರ ಆಗಸ್ಟ್ 11ಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು, ಸಂಖ್ಯೆ 2,292,387. ಆದರೆ ಅದರಲ್ಲಿ ಹೆಡಿ ಲಮಾರ್ ಅನ್ನೋ ಹೆಸರೇ ಇಲ್ಲ! ಇರೋದು ಹೆಡಿ ಕೀಸ್ಲರ್ ಮಾರ್ಕಿ. ಕೀಸ್ಲರ್ ತವರಿನ ಹೆಸರು, ಮಾರ್ಕಿ ಎರಡನೇ ಗಂಡನದು. ಜಗತ್ತಿಗೇ ಗೊತ್ತಿದ್ದ ಹೆಸರು ಹಾಕಿ ಹುಡುಕಿದವರಿಗೆ ಆ ಕಾಗದ ಸಿಗುವುದಿಲ್ಲ.

ಇನ್ನೂ ಹಿಂದೆ ಹೋದರೆ ಹೆಂಗಸಿನ ಹೆಸರು ಹಕ್ಕುದಾರರ ಜಾಗದಲ್ಲೇ ಇರದಿರಬಹುದು. ಸಿಬಿಲ್ಲಾ ಮಾಸ್ಟರ್ಸ್ ಅಂತ ಪೆನ್ಸಿಲ್ವೇನಿಯಾದ ಹೆಣ್ಣುಮಗಳು ಮೆಕ್ಕೆಜೋಳ ಹಸನು ಮಾಡುವ ಹೊಸ ವಿಧಾನ ಕಂಡುಹಿಡಿದು, ಅದಕ್ಕಾಗಿಯೇ ಲಂಡನ್‌ವರೆಗೂ ಹೋದರು. 1715ರಲ್ಲಿ ಪೇಟೆಂಟ್ ಬಂತು, ಗಂಡ ಥಾಮಸ್ ಹೆಸರಿಗೆ. ಕಂಡುಹಿಡಿದಿದ್ದು ಹೆಂಡತಿ ಸಿಬಿಲ್ಲಾ ಅಂತ ಕಾಗದದ ಒಳಗೆ ಬರೆದಿದ್ದಾರೆ ಅನ್ನೋದಷ್ಟೇ ಸಮಾಧಾನ. ಹಾಗಾಗಿ ಅಜ್ಜನ ಹೆಸರು, ಅಜ್ಜಿಯ ಅಪ್ಪನ ಹೆಸರು, ಅವರು ಕೆಲಸ ಮಾಡುತ್ತಿದ್ದ ಕಂಪನಿಯ ಹೆಸರು ಎಲ್ಲಾ ಹಾಕಿ ನೋಡಿ.

ಹೆಸರಿನಿಂದ ಆಗಲೇ ಇಲ್ಲವಾ, ವಸ್ತುವಿನಿಂದ ಹುಡುಕಿ. ಪೇಟೆಂಟ್‌ಗಳನ್ನು ಎ ಯಿಂದ ಎಚ್ ತನಕ ಎಂಟು ವಿಭಾಗ ಮಾಡಿ, ಅದರೊಳಗೆ ಮತ್ತೆ ಮತ್ತೆ ಒಡೆಯುವ ಒಂದು ಅಂತರರಾಷ್ಟ್ರೀಯ ವರ್ಗೀಕರಣ ಇದೆ. ಹೊಲಿಗೆಗೆ ಬರುವ ಗುಂಪು ಡಿ05ಬಿ. ಯೂರೋಪಿಯನ್ ಪೇಟೆಂಟ್ ಕಚೇರಿಯ ಎಸ್ಪಾಸೆನೆಟ್ ತಾಣದಲ್ಲಿ ಹಲವು ದೇಶಗಳ ಪೇಟೆಂಟ್ ಪುಕ್ಕಟೆಯಾಗಿ ನೋಡಬಹುದು. ಅಲ್ಲಿ ಈ ಗುಂಪು ಮತ್ತು ಅಂದಾಜು ವರ್ಷ ಹಾಕಿ, ಚಿತ್ರಗಳನ್ನು ಮಾತ್ರ ಒಂದೊಂದಾಗಿ ನೋಡುತ್ತಾ ಹೋಗಿ. ಸಾಧನವನ್ನು ಕಣ್ಣಾರೆ ಕಂಡವರು ಪಕ್ಕದಲ್ಲಿ ಕೂತಿದ್ದರೆ ಕೆಲಸ ಬೇಗ ಆಗುತ್ತದೆ. ಆ ಸಾಧನವೇ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ತಳಭಾಗ ಒರೆಸಿ ನೋಡಿ, ಎಷ್ಟೋ ವಸ್ತುಗಳ ಮೇಲೆ ಪೇಟೆಂಟ್ ಸಂಖ್ಯೆಯೋ ತಾರೀಕೋ ಒತ್ತಿರುತ್ತಾರೆ.

ಇನ್ನೊಂದು ತೊಂದರೆ ಸ್ಕ್ಯಾನಿನದ್ದು. ಹಳೇ ಪುಟಗಳನ್ನು ಯಂತ್ರ ಓದಿ ಅಕ್ಷರ ಮಾಡಿರುತ್ತದೆ, ಅದು ಓದಿದ್ದೇ ವೇದ. ನಾನೇ ಒಮ್ಮೆ ಒಂದು ಹೆಸರಿಗಾಗಿ ಎರಡು ಸಂಜೆ ಕಳೆದೆ. ಆಮೇಲೆ ನೋಡಿದರೆ ಇಂಗ್ಲಿಷಿನ 'ಎಂ' ಅನ್ನು ಅದು 'ಆರ್' ಮತ್ತು 'ಎನ್' ಅಂತ ಎರಡು ಅಕ್ಷರ ಮಾಡಿ ಓದಿತ್ತು. ಅಂಟಿಕೊಂಡ ಆರ್, ಎನ್ ನೋಡೋಕೆ ಎಂ ಥರಾನೇ ಇರುತ್ತೆ ಅಲ್ವಾ, ಅದನ್ನು ಬೈದು ಏನು ಪ್ರಯೋಜನ.

ಕಾಗದ ಸಿಕ್ಕಿದರೆ ಸಂಖ್ಯೆ ನೋಡಿ ಮುಚ್ಚಿಬಿಡಬೇಡಿ. ಹಳೇ ಅಮೆರಿಕನ್ ಪೇಟೆಂಟ್‌ಗಳು ಶುರುವಾಗುವುದೇ ಇಂಥ ಊರಿನ, ಇಂಥ ಕೌಂಟಿಯ, ಇಂಥ ರಾಜ್ಯದ ನಾನು ಅಂತ. ಅಬ್ರಹಾಂ ಲಿಂಕನ್‌ದೂ ಹಾಗೇ ಇದೆ. 1849ರ ಮೇ 22ರ 6469ನೇ ಸಂಖ್ಯೆ, ಮರಳ ದಿಬ್ಬಕ್ಕೆ ಸಿಕ್ಕಿಕೊಂಡ ದೋಣಿಯನ್ನು ಗಾಳಿ ತುಂಬಿದ ಚೀಲಗಳಿಂದ ಎತ್ತುವ ಉಪಾಯ, ಊರು ಸ್ಪ್ರಿಂಗ್‌ಫೀಲ್ಡ್. ವಂಶದ ಇತಿಹಾಸ ಹುಡುಕುವವರಿಗೆ ಆ ಮೊದಲ ಸಾಲೇ ಒಂದು ನಿಧಿ. ಕೆಳಗೆ ಸಾಕ್ಷಿಗಳ ಸಹಿ ಇದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ತಮ್ಮನೋ ಭಾವನೋ ಸಹಿ ಹಾಕಿರಬಹುದು.

ಏನು ಮಾಡಿದರೂ ಸಿಗದೇ ಇರುವುದೂ ಉಂಟು. 1836ರ ಡಿಸೆಂಬರ್ 15ರಂದು ವಾಷಿಂಗ್ಟನ್‌ನ ಪೇಟೆಂಟ್ ಕಚೇರಿಗೆ ಬೆಂಕಿ ಬಿದ್ದು ಸುಮಾರು 10,000 ಪೇಟೆಂಟ್‌ಗಳ ಕಾಗದ ಸುಟ್ಟುಹೋಯಿತು. 1809ರಲ್ಲಿ ಹುಲ್ಲನ್ನು ರೇಷ್ಮೆ ಜೊತೆ ಹೆಣೆಯುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ ಮೇರಿ ಕೀಸ್ ಅವರದ್ದೂ ಅದರಲ್ಲೇ ಹೋಯಿತು. ಮತ್ತೆ ಸಿಕ್ಕಿದ್ದು ಸುಮಾರು 2,800 ಮಾತ್ರ, ಅದೂ ಮುಖ್ಯವಾಗಿ ಪೇಟೆಂಟ್ ಪಡೆದವರು ತಮ್ಮ ಹತ್ತಿರ ಒಂದು ಪ್ರತಿ ಇಟ್ಟುಕೊಂಡಿದ್ದರಿಂದ. ಆದ್ದರಿಂದ ಅಟ್ಟದ ಮೇಲಿನ ಟ್ರಂಕನ್ನೂ ಒಮ್ಮೆ ತೆಗೆದು ನೋಡಿ. ಸಿಕ್ಕರೆ ನನಗೂ ಸಂಖ್ಯೆ ಬರೆದು ಕಳಿಸಿ, ಕುತೂಹಲ ಇದೆ.

ಪ್ರಶ್ನೆ: ಒಂದು ಉಪಕರಣದ ಜಾಹೀರಾತಿನಲ್ಲಿ 'ಪೇಟೆಂಟ್ ಪಡೆದಿದೆ' ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಮಂಡಿನೋವು ಹೋಗುತ್ತದಂತೆ. ಸರ್ಕಾರವೇ ಒಪ್ಪಿದೆ ಅಂದರೆ ನಂಬಬಹುದು ತಾನೇ?

ಉತ್ತರ: ಸರ್ಕಾರ ಒಪ್ಪಿದ್ದು ಏನನ್ನ ಅಂತ ನೋಡಬೇಕು. ಪೇಟೆಂಟ್ ಕಚೇರಿಯವರು ಕೇಳುವುದು ಇದು ಹೊಸದಾ, ಆ ಕಸುಬು ಬಲ್ಲವರಿಗೆ ಸುಲಭವಾಗಿ ಹೊಳೆಯದಂಥದ್ದಾ, ಏನಾದರೂ ಉಪಯೋಗ ಇದೆಯಾ ಅಂತ. ಅವರು ಯಾರ ಮಂಡಿಗೂ ಅದನ್ನು ಕಟ್ಟಿ ನೋಡುವುದಿಲ್ಲ. ಬೆಕ್ಕಿಗೆ ವ್ಯಾಯಾಮ ಮಾಡಿಸುವ ವಿಧಾನಕ್ಕೂ ಅಮೆರಿಕದಲ್ಲಿ ಪೇಟೆಂಟ್ ಇದೆ, 1995ರದು, ಸಂಖ್ಯೆ 5,443,036. ವಿಧಾನ ಏನಪ್ಪಾ ಅಂದರೆ, ಲೇಸರ್ ಬೆಳಕಿನ ಚುಕ್ಕೆಯನ್ನು ನೆಲದ ಮೇಲೋ ಗೋಡೆ ಮೇಲೋ ಅತ್ತಿತ್ತ ಓಡಿಸುವುದು, ಬೆಕ್ಕು ಅದರ ಹಿಂದೆ ಓಡುವುದು. ಅಷ್ಟೇ! ಇನ್ನು ಆಸ್ಟ್ರೇಲಿಯಾದಲ್ಲಿ 2001ರಲ್ಲಿ ಒಬ್ಬರು ಚಕ್ರಕ್ಕೇ ಪೇಟೆಂಟ್ ತೆಗೆದುಕೊಂಡರು. ಹೌದು, ಗಾಡಿಯ ಚಕ್ರ. ಪೂರ್ತಿ ಪರೀಕ್ಷೆ ಮಾಡದೆ ಕೊಡುವ ಒಂದು ಬಗೆಯ ಪೇಟೆಂಟ್ ಅಲ್ಲಿ ಆಗಷ್ಟೇ ಬಂದಿತ್ತು, ಅದರಲ್ಲಿರುವ ತೂತು ತೋರಿಸಲು ಆ ವಕೀಲರು ಸುಮ್ನೆ ಅರ್ಜಿ ಹಾಕಿದ್ದರು.

ನೀವು ಸಂಖ್ಯೆ ಕೇಳಿ. ಕೊಡದಿದ್ದರೆ ಅಲ್ಲಿಗೆ ಬಿಡಿ. ಕೊಟ್ಟರೆ ಕೊನೆಯ ಅಕ್ಷರ ನೋಡಿ: ಬಹಳ ಕಡೆ 'ಎ' ಅಂದರೆ ಪ್ರಕಟವಾದ ಅರ್ಜಿ, 'ಬಿ' ಅಂದರೆ ಮಂಜೂರಾದ ಪೇಟೆಂಟ್. ಇದು ಎಲ್ಲಾ ದೇಶಕ್ಕೂ ಎಲ್ಲಾ ಕಾಲಕ್ಕೂ ಒಂದೇ ಅಲ್ಲ, ಆದರೂ ಶುರು ಮಾಡೋಕೆ ಸಾಕು. ಸಾಮಾನ್ಯವಾಗಿ ಅರ್ಜಿ ಹಾಕಿದ 18 ತಿಂಗಳಿಗೆ ಅದು ತಾನಾಗೇ ಪ್ರಕಟವಾಗುತ್ತದೆ, ಆಮೇಲೆ ತಿರಸ್ಕಾರವೂ ಆಗಬಹುದು. ಆ ಪ್ರಕಟಣೆಯ ಪುಟವನ್ನೇ ಹಿಡಿದು ಪೇಟೆಂಟ್ ಅನ್ನುವವರು ಜಾಸ್ತಿ. ಮಂಡಿನೋವಿಗೆ ವೈದ್ಯರನ್ನು ಕೇಳಿ.

ಪ್ರಶ್ನೆ: ವೈದ್ಯರ ಲೈಸೆನ್ಸ್ ಸರಿಯಾಗಿದೆಯಾ ಅಂತ ನಾವೇ ನೋಡಬಹುದಾ? ಗೋಡೆ ಮೇಲೆ ಸರ್ಟಿಫಿಕೇಟ್ ತೂಗುಹಾಕಿರುತ್ತಾರಲ್ಲ, ಅದು ಸಾಲದಾ?

ಉತ್ತರ: ಸಾಲದು. ಸರ್ಟಿಫಿಕೇಟ್ ಹೇಳುವುದು ಅದನ್ನು ಕೊಟ್ಟ ದಿನದ ಸಂಗತಿ. ಆಮೇಲೆ ನವೀಕರಣ ತಪ್ಪಿರಬಹುದು, ಅಮಾನತು ಆಗಿರಬಹುದು, ಗಾಜಿನ ಹಿಂದಿನ ಕಾಗದ ಹಾಗೇ ಹೊಳೆಯುತ್ತಿರುತ್ತದೆ.

ಸಾರ್ವಜನಿಕ ರಿಜಿಸ್ಟರ್ ಹುಟ್ಟಿದ್ದೇ ನಿಮ್ಮ ಈ ಪ್ರಶ್ನೆಗೆ. ಬ್ರಿಟನ್ನಿನ 1858ರ ವೈದ್ಯಕೀಯ ಕಾಯ್ದೆ ಮೊದಲಲ್ಲೇ ಹೇಳುತ್ತದೆ, ಚಿಕಿತ್ಸೆ ಬೇಕಾದವರಿಗೆ ಕಲಿತವರು ಯಾರು, ಕಲಿಯದವರು ಯಾರು ಅಂತ ಗೊತ್ತಾಗಬೇಕು ಅಂತ. ಮರುವರ್ಷ ಪಟ್ಟಿ ಅಚ್ಚಾಯಿತು. ಅದರಲ್ಲಿ ಎಲಿಜಬೆತ್ ಬ್ಲ್ಯಾಕ್‌ವೆಲ್ ಅನ್ನೋ ಒಂದು ಹೆಣ್ಣಿನ ಹೆಸರೂ ಇತ್ತು. ಹೊರದೇಶದ ಪದವಿ ಇದ್ದು 1858ರ ಅಕ್ಟೋಬರ್‌ಗೆ ಮುಂಚೆ ಬ್ರಿಟನ್ನಿನಲ್ಲಿ ವೈದ್ಯವೃತ್ತಿ ಮಾಡಿದ್ದವರನ್ನು ಸೇರಿಸಿಕೊಳ್ಳಬಹುದು ಅಂತ ಒಂದು ಸಾಲಿತ್ತು, ಅಮೆರಿಕದಲ್ಲಿ ಓದಿದ್ದ ಅವರು ಆ ಸಾಲಿನಲ್ಲಿ ನುಸುಳಿದರು. ಬೇರೆ ಹೆಂಗಸರಿಗೆ ಆ ಬಾಗಿಲು ಅಲ್ಲಿಗೇ ಮುಚ್ಚಿತು, ಯಾಕೆಂದರೆ ತಾರೀಕು ಕಳೆದುಹೋಗಿತ್ತು. ಹಾಗಾಗಿ ಆ ಕಾಲದ ಪಟ್ಟಿಯಲ್ಲಿ ನಿಮ್ಮ ಮುತ್ತಜ್ಜಿ ಇಲ್ಲ ಅಂದರೆ ಅವರಿಗೆ ವೈದ್ಯ ಗೊತ್ತಿರಲಿಲ್ಲ ಅಂತ ಅರ್ಥವಲ್ಲ. ಇವತ್ತಿನ ಪಟ್ಟಿಯಲ್ಲಿ ನಿಮ್ಮ ವೈದ್ಯರಿಲ್ಲ ಅಂದರೆ ಮಾತ್ರ ಎದ್ದು ಬನ್ನಿ.

ವೈದ್ಯರನ್ನು ನೋಂದಾಯಿಸುವ ಬಹುತೇಕ ಮಂಡಳಿಗಳು ರಿಜಿಸ್ಟರನ್ನು ಆನ್‌ಲೈನಿನಲ್ಲಿ ತೆರೆದಿಟ್ಟಿವೆ. ಮಂಡಳಿಯ ತಾಣಕ್ಕೆ ನೀವೇ ಹೋಗಿ, ಆ ವೈದ್ಯರು ಕಳಿಸಿದ ಲಿಂಕ್ ಒತ್ತಿ ಹೋಗಬೇಡಿ. ನಕಲಿ ಲೈಸೆನ್ಸ್ ಮಾಡಿದವನಿಗೆ ನಕಲಿ ಪುಟ ಮಾಡೋದು ಕಷ್ಟವಾ? ಹೆಸರು, ನೋಂದಣಿ ಸಂಖ್ಯೆ ಎರಡೂ ಒಬ್ಬರದ್ದೇ ಆಗಿರಬೇಕು. ಬೇರೆಯವರ ಅಸಲಿ ಸಂಖ್ಯೆ ಬಳಸುವುದೇ ಮಾಮೂಲಿ ಮೋಸ. ನೋಂದಣಿ ವರ್ಷಕ್ಕೂ ಎದುರಿಗೆ ಕೂತವರ ವಯಸ್ಸಿಗೂ ತಾಳೆ ಹಾಕಿ. ಆಮೇಲೆ ಸದ್ಯದ ಸ್ಥಿತಿ ಏನು, ಷರತ್ತುಗಳಿವೆಯಾ, ತಜ್ಞರು ಅಂತ ಬೋರ್ಡಿನಲ್ಲಿ ಹಾಕಿದ್ದು ರಿಜಿಸ್ಟರಿನಲ್ಲೂ ಇದೆಯಾ ನೋಡಿ. ಕೈಗುಣ ಹೇಗೆ, ಮಾತು ಹೇಗೆ ಅನ್ನೋದು ಯಾವ ರಿಜಿಸ್ಟರಿನಲ್ಲೂ ಸಿಗಲ್ಲ, ಅದಕ್ಕೆ ಹೋಗಿ ಬಂದವರನ್ನೇ ಕೇಳಬೇಕು.

ಪ್ರಶ್ನೆ: ಎಂಜಿನಿಯರಿಂಗ್ ಪದವಿ ಇದ್ದ ಮೇಲೆ ಮತ್ತೆ ಲೈಸೆನ್ಸ್ ಅಂತ ಯಾಕೆ ಕೆಲವು ದೇಶಗಳಲ್ಲಿ ಕೇಳುತ್ತಾರೆ?

ಉತ್ತರ: ನಕ್ಷೆಯ ಮೇಲೆ ಸಹಿ ಹಾಕಿದವರು ಜವಾಬ್ದಾರಿ ಹೊರಲಿ ಅಂತ. ಅಮೆರಿಕದಲ್ಲಿ ಇದನ್ನು ಮೊದಲು ಮಾಡಿದ್ದು ವಯೋಮಿಂಗ್ ರಾಜ್ಯ, 1907ರಲ್ಲಿ. ನೀರಿನ ಹಕ್ಕಿಗೆ ಬರುತ್ತಿದ್ದ ಅರ್ಜಿಗಳ ನಕ್ಷೆಗಳನ್ನು ವಕೀಲರು, ನೋಟರಿಗಳು, ಕೈಗೆ ಸಿಕ್ಕವರೆಲ್ಲಾ ಎಂಜಿನಿಯರ್ ಅಂತ ಸಹಿ ಹಾಕಿ ಕಳಿಸುತ್ತಿದ್ದರಂತೆ. ಟೆಕ್ಸಾಸ್ ಎಚ್ಚೆತ್ತಿದ್ದು ತಡವಾಗಿ. 1937ರ ಮಾರ್ಚ್ 18ರಂದು ನ್ಯೂ ಲಂಡನ್ ಎಂಬಲ್ಲಿ ಅನಿಲ ಸೋರಿ ಶಾಲೆಯೇ ಸ್ಫೋಟಗೊಂಡು ಸುಮಾರು 300 ಜನ ಸತ್ತರು, ಹೆಚ್ಚಿನವರು ಮಕ್ಕಳು. ಎಂಜಿನಿಯರ್‌ಗಳ ನೋಂದಣಿ ಕಾನೂನು ಅದೇ ವರ್ಷ ಬಂತು.

ಪ್ರಶ್ನೆ: ಹಳೇ ಪೇಟೆಂಟ್ ಒಂದು ಸಿಕ್ಕಿದೆ, ಅವಧಿ ಮುಗಿದಂತಿದೆ. ಆ ವಸ್ತು ನಾನು ತಯಾರಿಸಬಹುದಾ? ಹಾಗೇ, ಮುಂದೆ ನಾನೇ ಅರ್ಜಿ ಹಾಕಿದರೆ ನನ್ನ ಮನೆ ವಿಳಾಸ ಎಲ್ಲರಿಗೂ ಕಾಣುತ್ತದಾ?

ಉತ್ತರ: ಈಗ ಬಹುತೇಕ ದೇಶಗಳಲ್ಲಿ ಅರ್ಜಿ ಹಾಕಿದ ದಿನದಿಂದ 20 ವರ್ಷ ಪೇಟೆಂಟ್ ಇರುತ್ತದೆ. ಲೆಕ್ಕ ಮಂಜೂರಾದ ದಿನದಿಂದ ಅಲ್ಲ, ಇಲ್ಲೇ ಎಲ್ಲರೂ ಎಡವುವುದು. ನಡುವೆ ಶುಲ್ಕ ಕಟ್ಟದೆ ಬಿಟ್ಟು ಬೇಗ ಸತ್ತವೂ ಬೇಕಾದಷ್ಟಿವೆ. ಅಮೆರಿಕದಲ್ಲಿ ಮಂಜೂರಾದ ಮೂರೂವರೆ, ಏಳೂವರೆ, ಹನ್ನೊಂದೂವರೆ ವರ್ಷಕ್ಕೆ ಕಟ್ಟಬೇಕು. ಆದರೆ ತಡವಾಗಿ ಕಟ್ಟಿ ಮತ್ತೆ ಜೀವ ಕೊಡಲು ಅವಕಾಶ ಇರುವುದರಿಂದ, ನಿನ್ನೆ ಮೊನ್ನೆ ಸತ್ತದ್ದನ್ನು ನಂಬಿ ಬಂಡವಾಳ ಹಾಕಬೇಡಿ. ಅದೇ ವಸ್ತುವಿನ ಸುಧಾರಿತ ರೂಪಕ್ಕೆ ಇನ್ಯಾರೋ ಆಮೇಲೆ ಪೇಟೆಂಟ್ ತೆಗೆದುಕೊಂಡಿರಬಹುದು. ಹಳೇ ಕಾಗದದಲ್ಲಿ ಇರುವಷ್ಟನ್ನೇ, ಇರುವ ಹಾಗೇ ಮಾಡಿದರೆ ಚಿಂತೆ ಕಡಿಮೆ. ದುಡ್ಡು ಹಾಕುವ ಮೊದಲು ಒಬ್ಬ ಪೇಟೆಂಟ್ ವಕೀಲರಿಗೆ ತೋರಿಸಿ.

ವಿಳಾಸದ ವಿಷಯ. ಹೆಸರು ಕಾಣುತ್ತದೆ, ಊರೂ ಕಾಣಬಹುದು. ಕೆಲವು ಕಡೆ ಪೂರ್ತಿ ವಿಳಾಸವೇ ಅಚ್ಚಾಗುತ್ತದೆ, ಒಮ್ಮೆ ಅಚ್ಚಾದರೆ ಹತ್ತಾರು ಕಡೆ ನಕಲಾಗಿ ಹೋಗುತ್ತದೆ, ವಾಪಸ್ ತೆಗೆಸೋದು ಆಗದ ಮಾತು. ಲೈಸೆನ್ಸ್ ರಿಜಿಸ್ಟರುಗಳಲ್ಲೂ ಹೀಗೇ. ಅರ್ಜಿಯಲ್ಲಿ ಆ ಖಾನೆ ತುಂಬುವಾಗಲೇ ಕಚೇರಿಯ ವಿಳಾಸವನ್ನೋ ನಿಮ್ಮ ವಕೀಲರದ್ದನ್ನೋ ಕೊಡಬಹುದಾ ಅಂತ ಕೇಳಿಕೊಳ್ಳಿ.