ಸಂಕಪ್ಪಯ್ಯ ಒಳ್ಳೆಯವರೇ ಅಲ್ವಾ, ಟೀಚರ್?

ಪ್ರಶ್ನೆ: ನನ್ನ ಮಗಳು ಹತ್ತನೇ ಕ್ಲಾಸ್. ಶಾಲೆಯಲ್ಲಿ ಶಿವರಾಮ ಕಾರಂತರ ಕಾದಂಬರಿ 'ಚೋಮನ ದುಡಿ' ಓದಿಸಿದ್ದಾರೆ. 'ಚೋಮನ ಪಾಡಿಗೆ ಯಾರು ಹೊಣೆ?' ಅಂತ ಎರಡು ಪುಟ ಬರೆಯಬೇಕಂತೆ. 'ಅಸ್ಪೃಶ್ಯತೆ ಎಂಬ ಕೆಟ್ಟ ಪದ್ಧತಿ ಅಂತ ಬರಿ. ಆ ಕಾಲವೇ ಹಾಗಿತ್ತು. ಧಣಿ ಸಂಕಪ್ಪಯ್ಯ ಒಳ್ಳೆಯವರೇ' ಅಂದೆ. 'ಇಲ್ಲಮ್ಮ, ಅವರೇ ಮೊದಲ ಹೊಣೆ' ಎಂದು ಜಗಳಕ್ಕೆ ನಿಂತಿದ್ದಾಳೆ. ಯಾರದು ಸರಿ, ಟೀಚರ್?
– ಓದುಗರು, ಕಟಪಾಡಿ

ಉತ್ತರ: ನಾನು ನಿಮ್ಮ ಮಗಳ ಕಡೆ. ಬೇಜಾರು ಮಾಡ್ಕೋಬೇಡಿ.

ಉಡುಪಿ ಸುತ್ತಮುತ್ತ ಕನ್ನಡ ಪಾಠ ಮಾಡಿದಷ್ಟು ಕಾಲವೂ 'ಪದ್ಧತಿಯೇ ಕಾರಣ' ಎಂಬ ಉತ್ತರವನ್ನು ಪೇಪರು ಪೇಪರಿನಲ್ಲೂ ಓದಿದ್ದೇನೆ. ಮಾರ್ಕು ಕೊಟ್ಟೂ ಇದ್ದೇನೆ, ತಪ್ಪಲ್ಲವಲ್ಲ. ಆದರೆ ಪದ್ಧತಿ ಯಾರ ಮನೆ ಬಾಗಿಲಿಗೂ ಬಂದು 'ಗದ್ದೆ ಕೊಡಲ್ಲ' ಅನ್ನುವುದಿಲ್ಲ. ಹಾಗೆ ಅನ್ನಲು ಒಬ್ಬ ಮನುಷ್ಯ ಬೇಕು.

ಸಂಕಪ್ಪಯ್ಯನ ದಲಿತ ಆಳು ಚೋಮ ಗದ್ದೆ ಕೇಳಲು ಧಣಿಯ ಮನೆಗೆ ಹೋಗುವ ಭಾಗವನ್ನು ಮಗಳ ಜೊತೆ ಕೂತು ಇನ್ನೊಮ್ಮೆ ಓದಿ. ಚೋಮನಿಗೆ ಎತ್ತುಗಳಿವೆ. ಮೇಯಿಸುತ್ತಾನೆ, ಮೈ ತಿಕ್ಕುತ್ತಾನೆ. ಉಳಲು ಒಂದು ತುಂಡು ಗದ್ದೆ ಇಲ್ಲ. ಸಂಕಪ್ಪಯ್ಯ ಅವನನ್ನು ಗದರಿಸಿ ಓಡಿಸುವುದಿಲ್ಲ. ಕೊಡಬೇಕು ಅಂತ ಅವರಿಗೂ ಅನ್ನಿಸುತ್ತದೆ. ತಾಯಿ ಬೇಡ ಅನ್ನುತ್ತಾರೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಇಡೀ ಕಾದಂಬರಿಯಲ್ಲಿ ನನಗೆ ಜಾಸ್ತಿ ಸಂಕಟ ಕೊಡುವ ಜಾಗ ಅದೇ. ಕೆಟ್ಟವನೊಬ್ಬ 'ಕೊಡಲ್ಲ' ಅಂದಿದ್ದರೆ ಸಿಟ್ಟು ಮಾಡಿ ಮುಂದೆ ಹೋಗಬಹುದಿತ್ತು. ಇಲ್ಲಿ ಸರಿ ಯಾವುದು ಅಂತ ಗೊತ್ತಿದ್ದವರು ಸುಮ್ಮನಾದರು. ತಾಯಿಯ ಮಾತು ಮೀರಿದ್ದರೆ ಮನೆಯಲ್ಲಿ ನಾಲ್ಕು ದಿನ ಮುನಿಸು, ಊರಲ್ಲಿ ಒಂದಷ್ಟು ಮಾತು ಕೇಳಬೇಕಿತ್ತು. ಅದು ಸಣ್ಣದು ಅಂತ ನಾನು ಹೇಳುವುದಿಲ್ಲ. ಆದರೆ ಆ ಮೌನಕ್ಕೆ ಚೋಮ ಏನೇನು ತೆತ್ತ ಅಂತ ನೋಡಿ. ಒಬ್ಬ ಮಗ ಕಾಯಿಲೆಯಲ್ಲಿ ಹೋದ. ಇನ್ನೊಬ್ಬ ತೋಟದ ಕಡೆಯ ಕ್ರಿಶ್ಚಿಯನ್ ಹುಡುಗಿಯನ್ನು ಮದುವೆಯಾಗಿ ಮನೆಯಿಂದ ದೂರವಾದ. ಮತ್ತೊಬ್ಬ ನೀರಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದರು. ಮುಟ್ಟಿದರೆ ಮೈಲಿಗೆ ಅಂತ ಹುಡುಗನನ್ನು ಎತ್ತಲಿಲ್ಲ.

ಇನ್ನು 'ಆ ಕಾಲವೇ ಹಾಗಿತ್ತು' ಎಂಬ ಮಾತು. ಕಾದಂಬರಿ ಬಂದದ್ದು 1933ರಲ್ಲಿ. ಅದಕ್ಕೂ ನಲವತ್ತು ವರ್ಷ ಮೊದಲೇ, 1892ರಲ್ಲಿ, ನಮ್ಮ ಮಂಗಳೂರಿನಲ್ಲೇ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದಿದ್ದರು. ಸಂಕಪ್ಪಯ್ಯನಂತೆ ಅವರೂ ಬ್ರಾಹ್ಮಣರೇ, ಸಾರಸ್ವತರು. ವಕೀಲರಾಗಿ ಆರಾಮಾಗಿ ಇರಬಹುದಿತ್ತು. ಜಾತಿಯವರು ದೂರ ಇಟ್ಟರು, ಅವರು ಕೆಲಸ ಬಿಡಲಿಲ್ಲ. ಮಂಗಳೂರಿನ ಪುರಭವನಕ್ಕೆ ಇರುವುದು ಅವರದೇ ಹೆಸರು. ಮಗಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ. ಅದೇ ಜಿಲ್ಲೆ, ಅದೇ ಕಾಲ, ಅದೇ ಹೆದರಿಕೆ. ಆದರೂ ಒಬ್ಬರು ಮುಂದೆ ಹೆಜ್ಜೆ ಇಟ್ಟರು ಅಂದಮೇಲೆ ಕಾಲದ ಮೇಲೆ ಎಲ್ಲವನ್ನೂ ಹೇರಲು ಬರುವುದಿಲ್ಲ, ಅಲ್ವಾ?

ಪಾತ್ರಗಳ ಸರಿ ತಪ್ಪು ತೂಗುವಾಗ ಮಕ್ಕಳಿಗೆ ನಾನು ಒಂದೇ ಮಾತು ಹೇಳುತ್ತಿದ್ದೆ. ಅವರ ಮುಂದೆ ಎಷ್ಟು ದಾರಿ ಇತ್ತು, ಮೊದಲು ಅದನ್ನು ನೋಡಿ. ಚೋಮನ ಮಗಳು ಬೆಳ್ಳಿಯ ಮುಂದೆ ಎಷ್ಟಿತ್ತು? ಅಪ್ಪನ ಸಾಲ ತೀರಬೇಕು, ದುಡಿಯಲು ಕಾಫಿ ತೋಟ, ಲೆಕ್ಕದ ಪುಸ್ತಕ ರೈಟರ್ ಮನ್ವೇಲನ ಕೈಯಲ್ಲಿ. ಅವನಿಗೆ ಮಣಿದದ್ದಕ್ಕೆ ಅವಳನ್ನು ಕಟಕಟೆಯಲ್ಲಿ ನಿಲ್ಲಿಸುವ ಪ್ರಶ್ನೆ ಕ್ಲಾಸಿನಲ್ಲಿ ಬಂದರೆ ನಿಮ್ಮ ಮಗಳು ಖಂಡಿತ ಎದ್ದು ಮಾತಾಡಲಿ.

ಚೋಮ ಗದ್ದೆಯ ಆಸೆಗೆ ಕ್ರಿಶ್ಚಿಯನ್ ಆಗಲು ಇಗರ್ಜಿಯ ಕಡೆ ಹೊರಟವನು ತನ್ನ ದೈವ ಪಂಜುರ್ಲಿಯನ್ನು ನೆನೆದು ತಿರುಗಿ ಬರುತ್ತಾನಲ್ಲ, ಅದನ್ನು ಮೂಢನಂಬಿಕೆ ಅಂತ ಒಂದೇ ಸಾಲಲ್ಲಿ ಮುಗಿಸುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ದೈವವನ್ನು ಬಿಡುವುದು ಅಂದರೇನು ಅಂತ ತುಳುನಾಡಿನ ನಮಗೆ ಬೇರೆಯವರು ಹೇಳಬೇಕಾಗಿಲ್ಲ. ಅವನಿಗೆ ಗದ್ದೆಯೂ ಬೇಕು, ಪಂಜುರ್ಲಿಯೂ ಬೇಕು. ಎರಡರಲ್ಲಿ ಒಂದನ್ನು ಬಿಡು ಅನ್ನುವ ಸ್ಥಿತಿಗೆ ಅವನನ್ನು ತಂದದ್ದು ಸಂಕಪ್ಪಯ್ಯನ ಅಂಗಳದ ಆ ಉತ್ತರ.

ಚೋಮನನ್ನು ದೇವರು ಮಾಡುವುದೂ ಬೇಡ. ಅವನು ಕುಡಿಯುತ್ತಾನೆ. ಅವನ ಸಿಟ್ಟು ಮಗಳ ಮೇಲೂ ಬೀಳುತ್ತದೆ. ಅದನ್ನೂ ಬರೆಯಲಿ, ಬರಹಕ್ಕೆ ಬಲ ಬರುತ್ತದೆ.

ಬರಹ ಹೇಗಿರಬೇಕು ಅಂದರೆ, ಮೊದಲ ಪುಟ ಪೂರ್ತಿ ಆ ಒಂದು ಅಂಗಳದ ಮಾತುಕತೆಗೇ ಇರಲಿ. ಯಾರು ಏನು ಹೇಳಿದರು, ಯಾರು ಸುಮ್ಮನಿದ್ದರು ಅಂತ ಪುಸ್ತಕ ತೆರೆದಿಟ್ಟು ಬರೆಯಲಿ. ಪದ್ಧತಿಯ ಮಾತು ಎರಡನೇ ಪುಟದಲ್ಲಿ ಸಾಕು. ಜಾಗ ಉಳಿದರೆ 1974ರ ಭೂಸುಧಾರಣೆ ಬಗ್ಗೆ ಎರಡು ಸಾಲು ಸೇರಿಸಬಹುದು. ನಮ್ಮ ಜಿಲ್ಲೆಯಲ್ಲಿ ಗೇಣಿ ಒಕ್ಕಲುಗಳಿಗೆ ಆಗ ಭೂಮಿ ಸಿಕ್ಕಿತು. ಚೋಮ ಗೇಣಿದಾರನಲ್ಲ, ಆಳು. ಅವನಂಥ ಹೆಚ್ಚಿನವರಿಗೆ ಉಳುವ ಗದ್ದೆ ಆಗಲೂ ಸಿಗಲಿಲ್ಲ. ಹತ್ತನೇ ಕ್ಲಾಸಿನ ಹುಡುಗಿ ಇದನ್ನು ಬರೆದರೆ ಅವಳ ಟೀಚರ್‌ಗೆ ನಿಜಕ್ಕೂ ಖುಷಿಯಾಗುತ್ತದೆ.

ಪ್ರಶ್ನೆ: ಮಕ್ಕಳಿಗೆ ಓದಲು ಟೈಮಿಲ್ಲ. 'ಚೋಮನ ದುಡಿ' ಸಿನಿಮಾ ತೋರಿಸಿದರೆ ಸಾಕಲ್ವಾ?
– ಓದುಗರು, ಸುರತ್ಕಲ್

ಉತ್ತರ: ತೋರಿಸಿ, ಆದರೆ ಓದಿದ ಮೇಲೆ. 1975ರಲ್ಲಿ ಬಿ.ವಿ. ಕಾರಂತರು ಮಾಡಿದ ಸಿನಿಮಾ, ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂದದ್ದು. ಚೋಮನಾದ ಎಂ.ವಿ. ವಾಸುದೇವ ರಾವ್ ಅವರಿಗೆ ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು. ಮುಖವೇ ಮಾತಾಡುತ್ತದೆ. ಕಾದಂಬರಿ ಸಣ್ಣದು, ಒಂದು ಭಾನುವಾರಕ್ಕೆ ಮುಗಿಯುತ್ತದೆ. ಓದುವಾಗ ಚೋಮನ ಮುಖವನ್ನು ಮಕ್ಕಳು ಅವರವರೇ ಕಲ್ಪಿಸಿಕೊಳ್ಳಲಿ.