ಇನ್‌ಟೇಕ್ ಒಂದು ಸ್ಥಿರಾಂಕ ಅಲ್ಲ

ಸೂಪರ್‌ಸಾನಿಕ್ ವಿಮಾನದ ಎಂಜಿನ್ ಮಾಡೆಲ್‌ನಲ್ಲಿ ಇನ್‌ಟೇಕ್‌ಗೆ (ಎಂಜಿನ್‌ಗೆ ಗಾಳಿ ತರುವ ಮಾರ್ಗಕ್ಕೆ) ಒಂದೇ ಸ್ಥಿರ ಒತ್ತಡ-ನಷ್ಟ ಕೊಟ್ಟರೆ ಸಾಕೇ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಗಾಳಿ ಒಂದೇ ಒಂದು ಲಂಬ ಆಘಾತ ತರಂಗ (ಹರಿವಿಗೆ ಅಡ್ಡ ನಿಂತು ಗಾಳಿಯನ್ನು ಥಟ್ಟನೆ ನಿಧಾನಿಸುವ ತೆಳು ಪದರ) ದಾಟಿದರೆ ಮ್ಯಾಕ್ 2ರಲ್ಲಿ, ಅಂದರೆ ಶಬ್ದದ ಎರಡು ಪಟ್ಟು ವೇಗದಲ್ಲಿ, ಒಟ್ಟು ಒತ್ತಡದ (ಗಾಳಿಯನ್ನು ನಷ್ಟವಿಲ್ಲದೆ ನಿಲ್ಲಿಸಿದರೆ ಸಿಗುವ ಒತ್ತಡದ) ಶೇ. 72 ಉಳಿಯುತ್ತದೆ, ಮ್ಯಾಕ್ 3ರಲ್ಲಿ ಶೇ. 33 ಮಾತ್ರ.

ಎರಡು ಎಂಜಿನ್‌ಗಳ ಅಮೆರಿಕನ್ ಬೇಹುಗಾರಿಕೆ ವಿಮಾನ ಎಸ್‌ಆರ್-71 ನೋಡಿ. ಇನ್‌ಟೇಕ್ ಬಾಯಲ್ಲಿರುವ ಚೂಪು ಶಂಕು ಮ್ಯಾಕ್ 1.6ರಿಂದ ಹಿಂದಕ್ಕೆ ಸರಿಯತೊಡಗಿ, 3.2ರ ಹೊತ್ತಿಗೆ ಸುಮಾರು 66 ಸೆಂ.ಮೀ. ಒಳಗೆ ಹೋಗಿರುತ್ತಿತ್ತು. ಆಘಾತ ತರಂಗವನ್ನು ಕಿರಿದಾದ ಕೊರಳಿನ ಹತ್ತಿರವೇ ನಿಲ್ಲಿಸಲು ಹೆಚ್ಚಿನ ಗಾಳಿ ಹೊರಬಿಡುವ ಬೈಪಾಸ್ ಬಾಗಿಲುಗಳೂ ತೆರೆದು ಮುಚ್ಚುತ್ತಿದ್ದವು. ತರಂಗದ ಹಿಂಬದಿಯ, ಅಂದರೆ ಎಂಜಿನ್ ಕಡೆಯ, ಒತ್ತಡ ಸ್ವಲ್ಪ ಹೆಚ್ಚಾದರೂ ತರಂಗ ಹೊರಕ್ಕೆ ಚಿಮ್ಮುತ್ತಿತ್ತು. ಅದೇ ಅನ್‌ಸ್ಟಾರ್ಟ್. ಆ ಬದಿಯ ನೂಕುಬಲ ಕುಸಿದು ವಿಮಾನದ ಮೂತಿ ಅದೇ ಕಡೆಗೆ ಥಟ್ಟನೆ ತಿರುಗುತ್ತಿತ್ತು, ಪೈಲಟ್‌ನ ಹೆಲ್ಮೆಟ್ ಕ್ಯಾನಪಿಗೆ ಬಡಿಯುವಷ್ಟು ಜೋರಾಗಿ.

ಥ್ರಾಟಲ್ (ಎಂಜಿನ್ ಶಕ್ತಿ) ಇಳಿಸಿದಾಗ ಹಿಂಬದಿಯ ಒತ್ತಡ ಏರಿ ತರಂಗ ಮುಂದೆ ಸರಿಯುವ ಈ ಕೊಂಡಿ ನಿಮ್ಮ ಮಾಡೆಲ್‌ನಲ್ಲಿ ಇರಲೇಬೇಕು. ಮೊದಲು ಮ್ಯಾಕ್‌ಗೆ ತಕ್ಕ ಒತ್ತಡ-ನಷ್ಟದ ಟೇಬಲ್ ಹಾಕಿ. ಆಮೇಲೆ ಕೊರಳಿನಿಂದ ಕಂಪ್ರೆಸರ್‌ (ಎಂಜಿನ್‌ನಲ್ಲಿ ಗಾಳಿಯನ್ನು ಒತ್ತುವ ಭಾಗ) ವರೆಗಿನ ಜಾಗವನ್ನು ಒಂದು ತೊಟ್ಟಿಯಂತೆ ಹಿಡಿದು, ಒಳಬರುವ ಮತ್ತು ಹೊರಹೋಗುವ ಗಾಳಿಯ ವ್ಯತ್ಯಾಸದಿಂದ ಒತ್ತಡ ಏರಿಳಿಯಲು ಬಿಡಿ. ಶಂಕು, ಬಾಗಿಲುಗಳನ್ನು ನಿಯಂತ್ರಿಸುವ ಕಂಟ್ರೋಲರ್ ಬರೆಯುವ ಮುಂಚೆಯೇ ಥ್ರಾಟಲ್ ಥಟ್ಟನೆ ಇಳಿಸಿ ತರಂಗ ಎಲ್ಲಿಗೆ ಹೋಗುತ್ತದೆ ನೋಡಿ. ಆ ಗ್ರಾಫ್ ಇಲ್ಲಿ ಹಾಕಿದರೆ ಮುಂದಿನದು ಮಾತಾಡೋಣ.